ಪಥ್ಯವಿಲ್ಲದ ಮದ್ದು

ಭಾವ ಮುಂಬೈಯ ಹೋಟೆಲಿನಲ್ಲಿದ್ದವರು. ಅವರಿಂದ ಅಕ್ಕನಿಗೂ ಎಚ್‌ಐವಿ ಬಂದಿತ್ತು. ಅವರು ತೀರಿಕೊಂಡ ಮೇಲೆ ಅಕ್ಕ ವಾಮದಪದವಿನ ನಮ್ಮ ಮನೆಗೇ ಬಂದು ಉಳಿದಳು. ಮಂಗಳೂರಿನ ಆಸ್ಪತ್ರೆಯಲ್ಲಿ ಪುಕ್ಕಟೆ ಗುಳಿಗೆ ಸಿಗತೊಡಗಿದಾಗ ಅವಳ ಮುಖಕ್ಕೆ ಕಳೆ ಬಂತು. ನೆರೆಕರೆಯವರಿಗೆ ನಾವು ರಕ್ತ ಕಡಿಮೆಯ ಮದ್ದು ಎಂದು ಹೇಳುತ್ತಿದ್ದೆವು.

ಕೆಲವು ವರ್ಷಗಳ ಬಳಿಕ ಅವಳು ಮತ್ತೆ ಸೊರಗಿದಳು. ರಕ್ತಪರೀಕ್ಷೆ ನೋಡಿದ ಡಾಕ್ಟರು, "ಗುಳಿಗೆ ಹಿಡೀತಾ ಇಲ್ಲ. ಮಧ್ಯೆ ಎಲ್ಲಿಯಾದರೂ ಬಿಟ್ಟಿದ್ದೀರಾ ಅಮ್ಮ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ. ಒಂದು ದಿನವೂ ಬಿಟ್ಟಿಲ್ಲ."

ಪಕ್ಕದಲ್ಲಿದ್ದ ನನಗೆ ತಲೆ ಕೆಟ್ಟಿತು. ಹಿಂದಿನ ಮಳೆಗಾಲ ಕಾಮಾಲೆಯಾಗಿ ಅವಳು ಕೊಕ್ಕಡದ ಪಂಡಿತರೊಬ್ಬರ ಸೊಪ್ಪಿನ ಮದ್ದು ಕುಡಿದಿದ್ದಳು. ಅದು ಮುಗಿಯುವವರೆಗೆ ಎಣ್ಣೆಯಿಲ್ಲ, ಖಾರವಿಲ್ಲ, ಇಂಗ್ಲಿಷ್ ಮದ್ದೂ ಇಲ್ಲ. ನಾನು ಅದನ್ನು ಹೇಳಿಬಿಟ್ಟೆ.

"ಅದು ಬಿಟ್ಟದ್ದಲ್ಲ ಮಾರಾಯ, ಪಥ್ಯ ಮಾಡಿದ್ದು," ಎಂದಳು ಅಕ್ಕ. ಅವಳು ಸುಳ್ಳು ಹೇಳಿರಲಿಲ್ಲ. ಎರಡು ಮದ್ದನ್ನು ಬೆರೆಸುವವರು ನಮ್ಮ ಕಡೆ ಯಾರಿದ್ದಾರೆ?

ಆ ಸಂದಿನಲ್ಲಿ ವೈರಸ್ ಬದಲಾಗಿ, ಮದ್ದಿಗೆ ಬಗ್ಗದಂತಾಗಿರಬಹುದು ಎಂದರು ಡಾಕ್ಟರು. ಕಾಮಾಲೆಗೆ ಹಳೆಯ ಗುಳಿಗೆಯೇ ಕಾರಣವಾಗಿದ್ದಿರಲೂಬಹುದು ಎಂದೂ ಸೇರಿಸಿದರು. ಹಾಗಾದರೆ ಕಾಮಾಲೆ ಗುಣವಾದದ್ದು ಸೊಪ್ಪಿನಿಂದಲೋ, ಗುಳಿಗೆ ನಿಲ್ಲಿಸಿದ್ದರಿಂದಲೋ? ಯಾರ ಮೇಲೆ ಸಿಟ್ಟು ಮಾಡುವುದು ಎಂದೇ ನನಗೆ ತಿಳಿಯಲಿಲ್ಲ. ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವನು ನಾನು.

"ಬೇರೆ ಜಾತಿಯ ಹೊಸ ಗುಳಿಗೆ ಬಂದಿದೆ, ಕೊಡಿಸ್ತೇನೆ. ಅದಕ್ಕೂ ವೈರಸ್ ಒಗ್ಗಿಹೋದರೆ ಸದ್ಯಕ್ಕೆ ನನ್ನ ಹತ್ತಿರ ಬೇರೆ ಇಲ್ಲ. ಇನ್ನೂ ಹೊಸತು ಮಾಡ್ತಾ ಇದ್ದಾರೆ, ನಮ್ಮಲ್ಲಿಗೆ ಯಾವಾಗ ಬರ್ತದೋ ಗೊತ್ತಿಲ್ಲ."

"ಇದಕ್ಕೆ ಪಥ್ಯ ಎಂತ ಡಾಕ್ಟ್ರೇ?" ಎಂದು ಅಕ್ಕ ಕೇಳಿದಳು.

"ಎಂತದೂ ಇಲ್ಲ. ಚೆನ್ನಾಗಿ ತಿನ್ನಿ. ಗುಳಿಗೆ ಮಾತ್ರ ತಪ್ಪಿಸಬೇಡಿ."

ಹೊಸ ಗುಳಿಗೆ ಶುರುವಾದ ವಾರ ಅಮ್ಮ ಬಂಗುಡೆ ಮೀನಿನ ಸಾರು ಮಾಡಿದ್ದರು. ಅಕ್ಕನಿಗೆ ಅದೆಂದರೆ ಪ್ರಾಣ. ಅವಳು ಬಟ್ಟಲಿಗೆ ಕೈ ಅಡ್ಡ ಹಿಡಿದಳು.

"ನನಗೆ ಬೇಡ. ಪಥ್ಯ ಇಲ್ಲದೆ ಮದ್ದು ಹಿಡಿಯುವುದುಂಟಾ? ಇದು ಕಡೆಯದ್ದು ಅಂತ ಹೇಳಿದ್ದಾರಲ್ಲ."

ನೀನಾದರೂ ಹೇಳು ಎಂಬಂತೆ ಅಮ್ಮ ನನ್ನನ್ನು ನೋಡಿದರು. ಅಕ್ಕನ ಕೊರಳ ಎಲುಬು ಎದ್ದು ಕಾಣುತ್ತಿತ್ತು, ಅವಳು ತಿನ್ನಲೇಬೇಕಿತ್ತು. ಆದರೆ ನಾನು ಗದರಿಸಿ ತಿನ್ನಿಸಿ, ನಾಳೆ ಈ ಮದ್ದೂ ಹಿಡಿಯದೆ ಹೋದರೆ? ನನಗೆ ಹೆದರಿಕೆಯಾಯಿತು. ನನ್ನ ಬಟ್ಟಲಲ್ಲಿದ್ದ ಮೀನನ್ನೂ ಎತ್ತಿ ಪಾತ್ರೆಗೆ ಹಾಕಿದೆ.