ಒಟ್ಟಿಗೆ ಹೆದರುವ, ಬನ್ನಿ

ಮಾವನ ಬಲಗೈಯ ಉಗುರುಗಳು ಯಾವಾಗಲೂ ಮಾಂಸಕ್ಕೆ ತಾಗುವಷ್ಟು ಒತ್ತಿ ಕತ್ತರಿಸಿರುತ್ತಿದ್ದವು. ಎಡಗೈಯವು ಎಲ್ಲರಂತೆಯೇ ಇದ್ದವು. ಹಸುವಿನ ಹೊಟ್ಟೆಯೊಳಗೆ ಹೋಗುವ ಕೈಗೆ ಉಗುರು ಇರಬಾರದು ಎನ್ನುತ್ತಿದ್ದರು. ನನ್ನ ಗಂಡನ ತಂದೆ ಅವರು. ನೆರಿಯ, ಬೆಳ್ತಂಗಡಿ, ಬಂಟ್ವಾಳ ಎಂದು ಸುತ್ತಿ, ಸರ್ಕಾರಿ ಪಶುವೈದ್ಯರಾಗಿ ನಿವೃತ್ತರಾದ ಮೇಲೆ ಬೆಳುವಾಯಿಯ ಮನೆಯಲ್ಲಿದ್ದರು. ದನಗಳೊಡನೆ ತುಳು ಮಾತಾಡುತ್ತಿದ್ದರು, ದನದ ಯಜಮಾನರೊಡನೆ ಇಲಾಖೆಯ ಕನ್ನಡ. ಅತ್ತೆ ಮೊದಲೇ ತೀರಿಕೊಂಡಿದ್ದರು. ಗಂಡ ಬೆಳ್ತಂಗಡಿಯಲ್ಲಿ ಕೆಲಸದಲ್ಲಿದ್ದು ಶನಿವಾರ ಬರುತ್ತಿದ್ದರು. ಉಳಿದ ದಿನ ಮನೆಯಲ್ಲಿ ಮಾವ, ನಾನು, ಏಳು ತಿಂಗಳ ನನ್ನ ಮಗ.

ತೊಂಬತ್ತರ ದಶಕದ ಒಂದು ಸಂಜೆ ಗದ್ದೆಯಾಚೆಯ ಮನೆಯ ಅಕ್ಕ ಓಡಿ ಬಂದರು. ಗಂಡನಿಲ್ಲದ ಅವರಿಗೆ ಇದ್ದದ್ದು ಒಂದೇ ದನ.

"ಡಾಕ್ಟ್ರೇ, ಅದರ ಗಂಟಲಲ್ಲಿ ಏನೋ ಸಿಕ್ಕಿಹಾಕಿಕೊಂಡಿದೆ, ಮಾವಿನ ಗೊರಟೋ ಏನೋ. ನೊರೆ ಸುರೀತಾ ಉಂಟು. ನಾನೂ ಕೈ ಹಾಕಿ ನೋಡಿದೆ."

ಮಾವ ಹೋಗಿ ಮುಕ್ಕಾಲು ಗಂಟೆಯಲ್ಲಿ ಹಿಂದೆ ಬಂದರು. ಎಂದಿನಂತೆ ಅವರ ಕೈಗೆ ನೀರು ಹೊಯ್ಯಲು ಮಗುವನ್ನು ಎತ್ತಿಕೊಂಡು ನಾನು ಬಾವಿಕಟ್ಟೆಗೆ ಹೋದೆ.

"ಹತ್ತಿರ ಬರ್ಬೇಡ! ಒಳಗೆ ಹೋಗು!"

ಅವರ ದನಿ ಏರಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಿಟಕಿಯಿಂದ ನೋಡಿದೆ. ಸೋಪು ಹಾಕಿ ತೊಳೆಯುತ್ತಾರೆ, ಮತ್ತೆ ಸೋಪು ಹಾಕುತ್ತಾರೆ. ಅಷ್ಟರಲ್ಲಿ ಹೊತ್ತು ಮುಳುಗಿತು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಮಾವ ಉಣ್ಣುವವರಲ್ಲ. ಉಪವಾಸವೇ ಜಗಲಿಯ ಮೂಲೆಯಲ್ಲಿ ಕೂತು ಹೇಳಿದರು:

"ಗಂಟಲಲ್ಲಿ ಏನೂ ಇರ್ಲಿಲ್ಲ. ಕೈ ತೆಗೆದ ಮೇಲೆ ದನ ಕೂಗಿತು. ಆ ಸ್ವರ ಕೇಳಿ ಗೊತ್ತಾಯ್ತು. ಹುಚ್ಚು ಹಿಡಿದಿದೆ. ಮೂರು ವಾರದ ಹಿಂದೆ ನಾಯಿ ಕಚ್ಚಿತ್ತಂತೆ, ಅಕ್ಕ ಆಮೇಲೆ ಹೇಳಿದ್ರು."

ಬಲಗೈ ಚಾಚಿ ತೋರಿಸಿದರು. ಬೆಳಿಗ್ಗೆ ಉಗುರು ಕತ್ತರಿಸುವಾಗ ನಡುಬೆರಳಿಗೆ ಆಗಿದ್ದ ಗಾಯ ಕೆಂಪಗೆ ಬಾಯಿ ತೆರೆದಿತ್ತು.

ದನ ಮೂರನೆಯ ದಿನ ಸತ್ತಿತು. ಆಗ ಹೊಟ್ಟೆಗೆ ಚುಚ್ಚುವ ಹದಿನಾಲ್ಕು ಇಂಜೆಕ್ಷನ್‌ಗಳ ಕಾಲ. ಮಾವ ದಿನಾ ಬೆಳಿಗ್ಗೆ ಅಕ್ಕನನ್ನು ಬಸ್ಸಿನಲ್ಲಿ ಮೂಡುಬಿದಿರೆಗೆ ಕರೆದುಕೊಂಡು ಹೋಗಿ, ತಾವೂ ಚುಚ್ಚಿಸಿಕೊಂಡು ಬರುತ್ತಿದ್ದರು. ಐದನೆಯ ದಿನ ಅಕ್ಕ ಬಾಗಿಲು ಹಾಕಿಕೊಂಡುಬಿಟ್ಟರು. ಹೆಂಗಸು ಹೇಳಿದರೆ ಕೇಳಿಯಾರು ಎಂದು ಮಾವ ನನ್ನನ್ನೂ ಕರೆದರು. ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಅವರಿಗಿಂತ ಹತ್ತು ಹೆಜ್ಜೆ ಹಿಂದೆ ನಡೆದೆ.

"ಸಾಯುವುದಾದ್ರೆ ಇಲ್ಲೇ ಸಾಯ್ತೇನೆ," ಎಂದರು ಅಕ್ಕ ಒಳಗಿನಿಂದಲೇ. "ಆ ಸೂಜಿ ನೋಡಿದ್ರೆ ಜೀವ ಹೋಗ್ತದೆ. ನಿಮಗೆ ಹೆದರಿಕೆ ಇಲ್ಲ ಡಾಕ್ಟ್ರೇ, ನೀವು ಹೋಗಿ."

ನಾನು ಕರೆದರೂ ಬಾಗಿಲು ತೆರೆಯಲಿಲ್ಲ. ಮಾವ ಮೆಟ್ಟಿಲ ಮೇಲೆ ಕೂತರು.

"ಇಲ್ಲಾಂತ ಯಾರು ಹೇಳಿದ್ದು? ಈ ಕಾಯಿಲೆ ಬಂದ ದನ, ನಾಯಿ ಎಷ್ಟೋ ನೋಡಿದ್ದೇನೆ. ಕಣ್ಣು ಮುಚ್ಚಿದ್ರೆ ಅವೇ ಕಾಣ್ತವೆ. ಒಬ್ಬನೇ ಹೆದರ್ಲಿಕ್ಕೆ ಕಷ್ಟ ಅಕ್ಕ. ಒಟ್ಟಿಗೆ ಹೆದರುವ, ಬನ್ನಿ. ಬಸ್ಸು ಬರ್ತದೆ."

ಚಿಲಕ ತೆಗೆದ ಸದ್ದು ಕೇಳಿತು. ಆಮೇಲೆ ಅಕ್ಕ ಒಂದು ದಿನವೂ ತಪ್ಪಿಸಲಿಲ್ಲ.

ಹದಿನಾಲ್ಕೂ ಮುಗಿದವು. ಹೆದರಿಕೆ ಮುಗಿಯಲಿಲ್ಲ. ರೋಗ ತೋರಿಕೊಳ್ಳಲು ಮೂರು ತಿಂಗಳು ಹಿಡಿಯಬಹುದು, ಅಲ್ಲಿಯವರೆಗೆ ಮಗುವನ್ನು ಮುಟ್ಟುವುದಿಲ್ಲ ಎಂದು ಮಾವ ತಮಗೆ ತಾವೇ ಕಟ್ಟು ಹಾಕಿಕೊಂಡು, ಹೊರಗಿನ ಕೋಣೆಗೆ ಹಾಸಿಗೆ ಒಯ್ದರು. ಈ ರೋಗ ಬಂದವರಿಗೆ ನೀರು ಗಂಟಲಲ್ಲಿ ಇಳಿಯುವುದಿಲ್ಲ ಎಂದು ಕೇಳಿದ್ದೆ. ಹಾಗಾಗಿ ಅವರು ನೀರು ಕುಡಿಯುವಾಗಲೆಲ್ಲ ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಗುಟುಕು ಇಳಿಯುವ ಸದ್ದಿಗೆ ಕಿವಿಗೊಡುತ್ತಿದ್ದೆ.

ಒಂದು ಮಧ್ಯಾಹ್ನ ಗಂಜಿ ಉಣ್ಣುತ್ತಿದ್ದವರು ಇದ್ದಕ್ಕಿದ್ದಂತೆ ಗಂಟಲು ಹಿಡಿದುಕೊಂಡರು. ಕಣ್ಣು ಮೇಲಾಯಿತು. ಪಿಂಗಾಣಿ ಬಟ್ಟಲು ನೆಲಕ್ಕೆ ಬಿದ್ದು ಒಡೆಯಿತು.

ನಾನು ತೊಟ್ಟಿಲಿನಿಂದ ಮಗುವನ್ನು ಕಸಿದುಕೊಂಡು ಓಡಿದೆ. ಚಪ್ಪಲಿಯಿಲ್ಲದೆ ಗದ್ದೆಯ ಬದುವಿನ ಮೇಲೆ ಓಡಿ ರಸ್ತೆ ಸೇರಿದೆ. ಮಗು ಅಳುತ್ತಿತ್ತು. ಮುದುಕರೊಬ್ಬರನ್ನು ಉಸಿರು ಕಟ್ಟುವಾಗ ಬಿಟ್ಟು ಬಂದೆನಲ್ಲ ಎಂದು ತೋಚಿದ್ದು ಅಲ್ಲಿ ನಿಂತ ಮೇಲೆ. ಹಿಂದೆ ಹೋದೆ. ಮಾವ ಬಗ್ಗಿ ಬಟ್ಟಲಿನ ಚೂರು ಹೆಕ್ಕುತ್ತಿದ್ದರು.

"ಮೆಣಸಿನ ಬೀಜ ನೆತ್ತಿಗೆ ಹತ್ತಿತು, ಅಷ್ಟೆ."

ನಾನು ಅಳತೊಡಗಿದೆ. ಅವರು ತಲೆಯೆತ್ತದೆ ಹೇಳಿದರು: "ಓಡಿದ್ದು ಸರಿ ಮಗಾ. ನಿಂತಿದ್ರೆ ಬೈತಿದ್ದೆ. ಇನ್ನೊಮ್ಮೆ ಹಾಗಾದ್ರೆ ಇನ್ನೂ ಬೇಗ ಓಡು."

ಮೂರು ತಿಂಗಳು ತುಂಬಿದ ಬೆಳಿಗ್ಗೆ ಸ್ನಾನ ಮಾಡಿ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, "ಇವತ್ತಿಗೆ ಆಯ್ತು. ಕೊಡ್ತೀಯಾ?" ಎಂದರು. ಕೈ ಚಾಚಲಿಲ್ಲ. ನನ್ನ ತೋಳು ಸಡಿಲವಾಗಲು ಕೊಂಚ ಹೊತ್ತು ಬೇಕಾಯಿತು. ಅವರು ಕಾದರು. ಆಮೇಲೆ ಕೊಟ್ಟೆ.

ಇಬ್ಬರಿಗೂ ಏನೂ ಆಗಲಿಲ್ಲ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ಮಾವ ಹೃದಯ ನಿಂತು ತೀರಿಕೊಂಡರು. ಅಜ್ಜ ಎಂಥವರು ಎಂದು ಮಗ ಕೇಳಿದಾಗಲೆಲ್ಲ, ಹೊಟ್ಟೆಯಲ್ಲಿ ಅಡ್ಡ ತಿರುಗಿದ ಕರುಗಳನ್ನು ಅವರು ಹೊರತೆಗೆದ ಕತೆ ಹೇಳುತ್ತೇನೆ. ಆ ಮಧ್ಯಾಹ್ನದ್ದು ಹೇಳಿಲ್ಲ. ಆ ಶನಿವಾರ ಬಂದ ಗಂಡ ಬಟ್ಟಲು ಎಲ್ಲಿ ಎಂದಾಗ ಮಾವ, "ನನ್ನ ಕೈಜಾರಿ ಬಿತ್ತು" ಎಂದಷ್ಟೇ ಹೇಳಿದ್ದರು. ಸಾಯುವವರೆಗೂ ಮಗನಿಗಾಗಲಿ, ಮೊಮ್ಮಗನಿಗಾಗಲಿ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಹಾಗಾಗಿ ಈಗ ನಾನೇ ಹೇಳಬೇಕಾಯಿತು.