ಬೆನ್ನ ಹಿಂದಿನ ಕೈ

ಯಳಂದೂರಿನಲ್ಲಿ ಬೆಳಿಗ್ಗೆ ಏಳಕ್ಕೆ ಕೊಳ್ಳೇಗಾಲದ ಬಸ್ಸು ಹತ್ತಿದೆ. ಕೈಚೀಲದಲ್ಲಿ ಒಂದು ಟವೆಲು, ನೀರಿನ ಬಾಟಲಿ, ಪೆನ್ನು, ನಾಲ್ಕು ಬಿಳಿ ಹಾಳೆ. ಹಾಳೆ ತನ್ನಿ ಎಂದವಳು ಲೊಕ್ಕನಹಳ್ಳಿಯಲ್ಲಿರುವ ನನ್ನ ತಮ್ಮನ ಹೆಂಡತಿ ಕೆಂಪಮ್ಮ. ತಮ್ಮ ಮಾದಯ್ಯ ತೀರಿಕೊಂಡು ಮೂರು ತಿಂಗಳಾಗಿತ್ತು. ದನಗಳ ಗಂಟೆ, ದೇವರ ಮೊಗ ಎರಕ ಹೊಯ್ಯುವುದು ಅವನ ಕಸುಬು. ಕೊನೆಯ ವರ್ಷ ಯಾರೂ ಹೇಳದೆ ತಾನಾಗಿಯೇ ಒಂದು ಕಂಚಿನ ಮನುಷ್ಯನನ್ನು ಮಾಡಲು ಕೂತಿದ್ದ. ಎರಕ ಹೊಯ್ದ ನಾಲ್ಕನೆಯ ದಿನ ಎದೆನೋವಿನಲ್ಲಿ ಹೋದ. ನಾವು ಮಣ್ಣಿಗೆ ಹೋದಾಗ ಅದು ಇನ್ನೂ ಅಚ್ಚಿನೊಳಗೇ ಇತ್ತು.

ಹೋದ ವಾರ ಕೆಂಪಮ್ಮ ಫೋನು ಮಾಡಿದ್ದಳು. “ಅಚ್ಚ ಒಡುಸ್ದಿ ಬಾವ. ಸೋಮಾರ ಮೈಸೂರಿಂದ ಬಂದು ತಕಂಡೋಯ್ತರಂತೆ, ನಾಕು ಜನ ನೋಡೊ ಕಡೆ ಮಡುಗುಕ್ಕೆ. ಪಕ್ಕದಲ್ಲಿ ಎರಡು ಸಾಲು ಬರ್ದು ಅಂಟಿಸ್ಬೇಕಂತೆ. ನಂಗೆಲ್ಲಿ ಬಂದದು ಬರಿಯಾಕೆ? ನೀವೇ ಬನ್ನಿ.”

“ಯಾರ ಮೂರ್ತಿ ಅದು?”

“ಮನಸಾಕ್ಷಿ ಅಂತಿದ್ರು. ಬಂದು ನೋಡಿ.”

ಮಾಂಬಳ್ಳಿ ದಾಟುವವರೆಗೂ ಗದ್ದೆಗಳ ಮೇಲೆ ಮಂಜಿತ್ತು. ನನ್ನ ಪಕ್ಕದ ಅಜ್ಜಿ ತನ್ನ ಉಚಿತ ಟಿಕೆಟ್ಟನ್ನು ಸೆರಗಿಗೆ ಗಂಟುಹಾಕುತ್ತ, “ಗಂಡಸ್ರು ಕಾಸ್ ಕೊಟ್ಟು ನಿಂತ್ಕತರೆ, ನಾವು ಪುಕ್ಸಟ್ಟೆ ಕೂತ್ಕತೀವಿ ಕಣ್ರಿ” ಎಂದಳು. ಕಂಡಕ್ಟರ್ ಬಿಡಲಿಲ್ಲ. “ಅಂಗಂತ ವಾರಕ್ ಮೂರ್ಸಲ ಮಗಳ ಮನೆಗೋದ್ರೆ ಅಳಿಯನೇ ಮನೆ ಬುಟ್ಟು ಓಡೋಯ್ತನೆ ಕಣಜ್ಜಿ!” ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಮೂರು ತಿಂಗಳ ಮೇಲೆ ನಕ್ಕಿದ್ದು ಎಂದು ಆಮೇಲೆ ಹೊಳೆಯಿತು.

ಕೊಳ್ಳೇಗಾಲದಲ್ಲಿ ಎರಡು ಇಡ್ಲಿ ತಿಂದು ಹನೂರಿನ ಬಸ್ಸಿಗೆ ಕಾಯುವಾಗ, ಪೂಜೆ ಸಾಮಾನಿನ ಅಂಗಡಿಯೊಂದರ ಮುಂದೆ ಕಂಸಾಳೆ ತೂಗುಹಾಕಿದ್ದು ಕಂಡಿತು. ಅಂಗೈಯಗಲದ ಜೋಡಿ ಕಂಚಿನ ತಾಳ: ಬಟ್ಟಲಿನಂಥದ್ದು ಎಡಗೈಗೆ, ದಾರ ಕಟ್ಟಿದ ಚಪ್ಪಟೆಯದು ಬಲಗೈಗೆ. ನಾನು ನೋಡುತ್ತ ನಿಂತದ್ದನ್ನು ಕಂಡು ಅಂಗಡಿಯವನು ಹೇಳಿದ: “ಬಾರ್ಸಿ ನೋಡಿ ಸಾ. ಬೀಳಿಸ್ಬೇಡಿ ಅಷ್ಟೆ. ಕಂಚು ಬಗ್ಗಕಿಲ್ಲ, ಬಿರಿತದೆ.”

ಅದು ನನಗೆ ಗೊತ್ತಿತ್ತು. ನಮ್ಮಪ್ಪ ದೇವರಗುಡ್ಡ. ಕಂಸಾಳೆ ಹಿಡಿದು ಮಾದೇಶ್ವರನ ಕಥೆ ಹಾಡುತ್ತಿದ್ದ. ನನಗೆ ಹದಿಮೂರು, ಮಾದನಿಗೆ ಹತ್ತು. ಒಂದು ಬೆಳಿಗ್ಗೆ ಅಪ್ಪನಿಲ್ಲದಾಗ ಅಟ್ಟ ಹತ್ತಿ ಜೋಳಿಗೆಯಿಂದ ಕಂಸಾಳೆ ತೆಗೆದೆ. ಬಟ್ಟಲು ಕೈಜಾರಿ ಒರಳುಕಲ್ಲಿನ ಮೇಲೆ ಬಿತ್ತು. ಕೂದಲೆಳೆಯಷ್ಟು ಬಿರುಕು. ಹಾಗೇ ಜೋಳಿಗೆಗೆ ಹಾಕಿ ಮೇಲಿಟ್ಟೆ. ಮಧ್ಯಾಹ್ನ ಅಪ್ಪ ಮಾದನನ್ನು ಪಾಠಕ್ಕೆ ಕೂರಿಸಿದ. ನಮ್ಮಿಬ್ಬರಲ್ಲಿ ಕಂಠ ಇದ್ದದ್ದು ಅವನಿಗೆ. ಮೊದಲ ಪೆಟ್ಟಿಗೇ ಒಡಕು ಸದ್ದು ಬಂತು. ಅಪ್ಪ ಹೊಡೆಯಲಿಲ್ಲ. ಜೋಳಿಗೆ ಕಟ್ಟಿ, “ನಿನ್ ಕೈಗೆ ಒಲಿಯಕಿಲ್ಲ ಬುಡ್ಲಾ” ಎಂದ. ಮುಂದೆ ಅವನಿಗೆ ಹೇಳಿಕೊಡಲೇ ಇಲ್ಲ. ಮಾದ ತನ್ನ ಬಲಗೈಯನ್ನೇ ನೋಡುತ್ತ ಕೂತಿದ್ದ. ನಾನು ಬಾಗಿಲಲ್ಲಿ ನಿಂತಿದ್ದೆ.

ಆ ಬೆಳಿಗ್ಗೆ ನಾನು ಅಟ್ಟದಿಂದ ಇಳಿಯುವುದನ್ನು ಮಾದ ಕಂಡಿದ್ದ. ಹಾಗಾಗಿ ಅವನಿಗೆ ಎಲ್ಲ ಗೊತ್ತು, ಗೊತ್ತಿದ್ದೂ ಬಾಯಿ ಬಿಡುವುದಿಲ್ಲ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ಹೇಳಿಬಿಡಬೇಕೆಂದುಕೊಂಡ ಹಬ್ಬಗಳು ಎಷ್ಟೋ ಬಂದವು, ಉಂಡೆವು, ಎದ್ದೆವು. ಈಗ ಅವನು ಮನಸಾಕ್ಷಿ ಎಂದು ಒಬ್ಬ ಮನುಷ್ಯನನ್ನು ಎರಕ ಹೊಯ್ದಿದ್ದಾನೆ. ಅದಕ್ಕೆ ನನ್ನ ಮುಖ ಇದ್ದೀತೇ? ಭಯಕ್ಕಿಂತ ಅದನ್ನು ನೋಡುವ ಕುತೂಹಲವೇ ಹೆಚ್ಚಾಗಿತ್ತೆಂದರೆ ನಂಬಬೇಕು.

ಹನೂರು ಕೊಳ್ಳೇಗಾಲದಿಂದ ಸುಮಾರು ಇಪ್ಪತ್ತೈದು ಕಿಲೋಮೀಟರು. ಇಳಿಯುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಮಾರ್ಟಳ್ಳಿ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ತಮಿಳಿನಲ್ಲಿ ಶುರುಮಾಡಿದ ಜಗಳವನ್ನು ಕನ್ನಡದಲ್ಲಿ ಮುಗಿಸಿ ಒಟ್ಟಿಗೆ ಟೀ ಕುಡಿದರು. ಲೊಕ್ಕನಹಳ್ಳಿಯ ಬಸ್ಸು ಮುಕ್ಕಾಲು ಗಂಟೆ ತಡವಾಗಿ ಬಂತು. ಕಾಡಿನಂಚಿನ ಹೊಲಗಳಲ್ಲಿ ಹಂದಿ ಬೆದರಿಸಲು ಹಳೆ ಸೀರೆ ಕಟ್ಟಿದ್ದರು. ರಸ್ತೆ ದಾಟುತ್ತಿದ್ದ ದನಗಳ ಕೊರಳ ಗಂಟೆಗಳಿಗೆ ಕಿವಿಗೊಟ್ಟೆ. ಅವುಗಳಲ್ಲಿ ಮಾದನವು ಯಾವುವೋ.

ಕೆಂಪಮ್ಮ ಮೊದಲು ಊಟಕ್ಕೆ ಕೂರಿಸಿದಳು. ಮುದ್ದೆ, ಅವರೆಕಾಳಿನ ಸಾರು. “ಎಲುಬು ಕಾಣ್ತಾವಲ್ಲ ಬಾವ, ಅಲ್ಲಿ ಉಣ್ಣಕ್ಕಿಕ್ಕಲ್ವಾ?” ಎಂದು ಬೈದಳು. ಆಮೇಲೆ ಎರಕದ ಕೊಟ್ಟಿಗೆಗೆ ಕರೆದುಕೊಂಡು ಹೋದಳು.

ಮೊಣಕಾಲೆತ್ತರದ ಕಂಚಿನ ಮುದುಕ. ಬಲಗೈಯನ್ನು ಮುಂದಕ್ಕೆ ಚಾಚಿದ್ದಾನೆ, ಅಂಗೈ ಖಾಲಿ. ಎಡಗೈ ಬೆನ್ನ ಹಿಂದೆ. ಕತ್ತು ಒಂದಿಷ್ಟು ಹೊರಳಿದೆ, ಹಿಂದೆ ಇರುವುದು ಇನ್ನೂ ಇದೆಯೇ ಎಂದು ನೋಡುವವನ ಹಾಗೆ. ಸುತ್ತು ಹಾಕಿ ಬೆನ್ನ ಕಡೆ ಬಂದೆ. ಮುಚ್ಚಿಟ್ಟ ಕೈಯಲ್ಲಿ ಪುಟ್ಟದೊಂದು ಕಂಸಾಳೆ ಬಟ್ಟಲು. ಅಂಚಿನಿಂದ ನಡುವಿನವರೆಗೆ ಒಂದು ಗೆರೆ. ಬೆರಳಿಟ್ಟು ನೋಡಿದೆ. ಎರಕದಲ್ಲಿ ಆದದ್ದಲ್ಲ, ಅಚ್ಚಿಗೆಂದು ಮೊದಲು ಮಾಡುವ ಮೇಣದ ಮಾದರಿಯಲ್ಲೇ ಕೊರೆದದ್ದು.

“ನಿಮ್ಮಪ್ಪಾರ ಕಂಸಾಳೆನೂ ಇದ್ರಲ್ಲೇ ಕರಗ್ಸಿ ಹುಯ್ದವ್ರೆ” ಎಂದಳು ಕೆಂಪಮ್ಮ.

ಮತ್ತೆ ಮುಖದ ಕಡೆ ಬಂದೆ. ನಮ್ಮಿಬ್ಬರದೂ ಅಪ್ಪನ ಮೂಗು, ಅಪ್ಪನ ಗದ್ದ. ಯಾರೆಂದು ತಿಳಿಯಲಿಲ್ಲ.

ಅವಳು ಚಾಪೆ ಹಾಸಿದಳು. “ಕೂತ್ಕಳಿ, ನಾನ್ ಯೋಳ್ತೀನಿ, ನೀವ್ ಬರ್ಕಳಿ. ಅವ್ರು ಹೆಂಗಂತಿದ್ರೋ ಅಂಗೇ ಬರೀಬೇಕು. ‘ಅಪ್ಪನ ಕಂಸಾಳೆ ಒಡ್ದೋನು ನಾನು. ಹತ್ತು ವರ್ಸದೋನಾಗಿದ್ದಾಗ ಒಡ್ದೆ, ಅದೆಂಗೆ ಒಡ್ದೆ ಅಂತ ಇವತ್ಗೂ ಗೊತ್ತಿಲ್ಲ.’ ಬರುದ್ರಾ?”

ಪೆನ್ನು ಹಾಳೆಯ ಮೇಲೇ ನಿಂತಿತು. “ಮಾದ ಹಾಗಂದನಾ?”

“ದಿನಾ ಅನ್ನೋರು. ‘ನಮ್ಮಪ್ಪ ನನಗೆ ಹಾಡ ಕೊಡ್ದೆ ಸತ್ನಲ್ಲ, ನನ್ ಕೈ ಅಂಥದು ಕಣೇ. ಅವತ್ತು ಬಿರುಸಾಗಿ ಬಡುದ್ಬುಟ್ನೇನೋ’ ಅಂತ. ಅದಕ್ಕೇ ಮನೇಲಿ ಪಾತ್ರೆ ಸದ್ದಾದ್ರೂ ತಮ್ಮ ಕೈ ನೋಡ್ಕಳೋರು.”

ಅವನಿಗೆ ಗೊತ್ತಿರಲಿಲ್ಲ. ಅಟ್ಟ ಇಳಿದವನನ್ನು ಕಂಡಿದ್ದ, ಅಷ್ಟೆ. ಅಣ್ಣನ ಮೇಲೆ ಅನುಮಾನಪಡಬೇಕೆಂದು ಅವನಿಗೆ ತೋಚಿರಲೇ ಇಲ್ಲ. ನಾನು ಒರಳುಕಲ್ಲಿನ ಮೇಲೆ ಬೀಳಿಸಿದ್ದನ್ನು ಅವನು ಐವತ್ತು ವರ್ಷ ತನ್ನ ಬಲಗೈಯಲ್ಲಿ ಹೊತ್ತಿದ್ದ.

ಅವಳು ಹೇಳಿದ್ದನ್ನು ಬರೆಯಲಿಲ್ಲ. ಬೇರೆ ಎರಡು ಸಾಲು ಬರೆದೆ. ಕೆಂಪಮ್ಮನಿಗೆ ಓದು ಬಾರದು. “ಏನ್ ಬರುದ್ರಿ, ಓದಿ” ಎಂದಳು.

ಓದಲೇಬೇಕಾಯಿತು. “ಈ ಮನುಷ್ಯನನ್ನು ಮಾಡಿದವನು ಕಂಸಾಳೆ ಒಡೆದವನಲ್ಲ. ಒಡೆದು ಜೋಳಿಗೆಯಲ್ಲಿಟ್ಟು ಸುಮ್ಮನೆ ನಿಂತವನು ಅವನ ಅಣ್ಣ.”

ಹೊರಗೆ ಕೋಳಿ ಕೆದರುತ್ತಿತ್ತು. ಕೆಂಪಮ್ಮ ಎದ್ದು ಸೆರಗಿನಿಂದ ಮೂರ್ತಿಯ ಬಲಗೈ ಒರೆಸಿದಳು. ಖಾಲಿ ಅಂಗೈಯನ್ನು, ಒಂದೊಂದೇ ಬೆರಳನ್ನು.

“ಇದ ಅವ್ರಿಗ್ ಯೋಳ್ಬೇಕಿತ್ತು ಬಾವ.”

“ಹೌದು ಕಣವ್ವ.”

“ಕೆಳಗೆ ಎಸ್ರು ಹಾಕಿದ್ದೀರಾ?”

“ಇಲ್ಲ.”

“ಹಾಕಿ. ಎಸ್ರಿಲ್ದೆ ಬರುದ್ರೆ ಅದೂ ಬೆನ್ನಿಂದ್ಲ ಕೈಯೇ.”

ಹಾಕಿದೆ. ಊರು, ಅಪ್ಪನ ಹೆಸರು ಸಹಿತ ಹಾಕಿದೆ. ಅವಳು ಹಾಳೆಯನ್ನು ಮಡಿಸಿ ಕುಂಕುಮದ ಡಬ್ಬಿಯ ಕೆಳಗಿಟ್ಟಳು. ಹೋಗಿ ಎನ್ನಲಿಲ್ಲ, ಇರಿ ಎನ್ನಲೂ ಇಲ್ಲ.

ನಾಲ್ಕರ ಬಸ್ಸು ಅವರ ಮನೆಯ ಮುಂದೆಯೇ ಹಾದುಹೋಗುತ್ತದೆ. ಕಿಟಕಿಯಿಂದ ತಿರುಗಿ ನೋಡಿದೆ. ಕೆಂಪಮ್ಮ ಮೂರ್ತಿಯನ್ನು ಕೊಟ್ಟಿಗೆಯ ಬಾಗಿಲಿಗೆ ತಂದು ಇಳಿಸುತ್ತಿದ್ದಳು. ಮುಖ ಒಳಗಿನ ಕಡೆಗೆ, ಬೆನ್ನು ರಸ್ತೆಯ ಕಡೆಗೆ. ತಿರುವು ಬರುವವರೆಗೂ ಆ ಎಡಗೈ ನನಗೆ ಕಾಣುತ್ತಿತ್ತು.