ಕೆಳಮನೆಯವರ ಹನ್ನೆರಡು ಪದಗಳು

ದೆಹಲಿಯ ಜನಕಪುರಿಯಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದವರು ಸೈನ್ಯದಿಂದ ನಿವೃತ್ತರಾದ ಕೊಡಗಿನವರು. ಏನಾದರೂ ಹೇಳುವ ಮೊದಲು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುವರು. ಮಗಳ ಓದಿಗೆಂದು ಕ್ರಿಪ್ಟೊ ಎಂಬ ಇಂಟರ್ನೆಟ್ ನಾಣ್ಯದಲ್ಲಿ ಹಣ ಹಾಕಿದ್ದರು. ಅದರ ಬೀಗದ ಕೈ ಎಂದರೆ ಹನ್ನೆರಡು ಇಂಗ್ಲಿಷ್ ಪದಗಳು. ಆ ಚೀಟಿ ಸದಾ ಅವರ ಕನ್ನಡಕದ ಡಬ್ಬಿಯಲ್ಲಿರುತ್ತಿತ್ತು. "ಕಂಪನಿಯವರು ಇದನ್ನ ಕೇಳೋದೇ ಇಲ್ಲ. ಕೇಳಿದವನೇ ಕಳ್ಳ," ಎಂದು ಪಾರ್ಕಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಆ ಮಾತು ನನ್ನ ಕಿವಿಗೂ ಎಷ್ಟೋ ಸಲ ಬಿದ್ದಿತ್ತು, ಮಕ್ಕಳೇ.

ಅವರ ಕಣ್ಣಿನ ಆಪರೇಷನ್ನಿನ ದಿನ ಜೊತೆಗೆ ನಾನೂ ಆಸ್ಪತ್ರೆಗೆ ಹೋಗಿದ್ದೆ. ಒಳಗೆ ಹೋಗುವಾಗ ಫೋನನ್ನೂ ಡಬ್ಬಿಯನ್ನೂ ನನ್ನ ಕೈಗಿಟ್ಟರು. ಅವರ ಹೆಂಡತಿ ಔಷಧಿ ತರಲು ಹೋಗಿದ್ದಾಗ ಆ ಫೋನಿಗೆ ಕರೆ ಬಂತು.

"ಮಾತಾಜಿ, ಕಸ್ಟಮರ್ ಕೇರ್‌ನಿಂದ. ಸಾಹೇಬರ ಖಾತೆಗೆ ಯಾರೋ ನುಗ್ಗಿದ್ದಾರೆ. ಆ ಹನ್ನೆರಡು ಪದ ಬೇಗ ಹೇಳಿದರೆ ಉಳಿಸಬಹುದು," ಎಂದು ಒಬ್ಬ ಹಿಂದಿಯಲ್ಲಿ ಹೇಳಿದ.

ಹೆದರಿ ಚೀಟಿ ಬಿಡಿಸಿದೆ. ಅಕ್ಷರ ಕೂಡಿಸಿ ಎರಡು ಪದ ಓದಿದೆ.

"ವಾಹ್ ಮಾತಾಜಿ! ಎಷ್ಟು ಚೆನ್ನಾಗಿ ಇಂಗ್ಲಿಷ್ ಓದ್ತೀರಿ!"

ಹಳ್ಳಿಯ ಶಾಲೆಯಲ್ಲಿ ಕೂಡ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಉಳಿದ ಹತ್ತನ್ನೂ ಗಟ್ಟಿಯಾಗಿ ಓದಿದೆ.

ಮರುದಿನ ಖಾತೆ ಬರಿದಾಗಿತ್ತು. ನಾನು ಅಳುತ್ತ ಅವರೊಬ್ಬರಿಗೇ ಎಲ್ಲ ಹೇಳಿದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ಅವರು, "ಚೀಟಿ ನಿಮ್ಮ ಕೈಲಿ ಬಿಟ್ಟದ್ದು ನನ್ನ ತಪ್ಪು ಅಕ್ಕ," ಎಂದರು. ಹೆಂಡತಿಯನ್ನು ಕರೆದು, ಪದಗಳನ್ನು ತಾವೇ ಯಾರಿಗೋ ಹೇಳಿಬಿಟ್ಟಿದ್ದಾಗಿ ತಿಳಿಸಿದರು.

"ಊರಿಗೆಲ್ಲ ಬುದ್ಧಿ ಹೇಳ್ತಿದ್ರಲ್ಲ, ನಿಮ್ಮ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು?" ಎಂದು ಆಕೆ ನನ್ನ ಕಡೆ ತಿರುಗಿದರು. "ನೀವೇ ಹೇಳಿ ಅಕ್ಕ, ಯಾರಾದರೂ ಹೀಗೆ ಮಾಡ್ತಾರಾ?"

ಇಲ್ಲವೆಂದು ನಾನು ತಲೆಯಾಡಿಸಿದೆ.